ದೋಣಿಯ ಮೂತಿಯೂ ಅಪ್ಪನ ಬೆಂಚೂ

ಸಂಜೆಯ ಹಾಲು ಕರೆದು, ಕ್ಯಾನುಗಳನ್ನು ವ್ಯಾನಿಗೆ ಏರಿಸಿ, ಕೈಕಾಲು ತೊಳೆದುಕೊಂಡು ಅಕ್ಕ ಅಡುಗೆಮನೆಗೆ ಬರುವಷ್ಟರಲ್ಲಿ ತಮ್ಮ ಬಂದು ಕೂತಾಗಿರುತ್ತಿತ್ತು. ಕೂರುವುದು ಯಾವಾಗಲೂ ಒಂದೇ ಜಾಗ. ಕಿಟಕಿಯ ಪಕ್ಕ, ಅಪ್ಪನ ಮರಗೆಲಸದ ಬೆಂಚಿನ ಆ ತುದಿಗೆ ಸ್ಟೂಲು ಎಳೆದುಕೊಂಡು, ಮರ ಬಿಗಿಹಿಡಿಯುವ ವೈಸಿನ ಹಿಡಿಗೆ ತನ್ನ ಕೈಚೀಲ ನೇತುಹಾಕಿ. ಚಹಾದ ಲೋಟ ಕೈಗೆ ಬರುವವರೆಗೆ ಸುಮ್ಮನಿರುತ್ತಿದ್ದ. ಒಂದು ಗುಟುಕು ಒಳಗೆ ಹೋಯಿತೋ ಇಲ್ಲವೋ, ಜಗತ್ತಿನ ಚಿತ್ರಕಲೆಯ ಸುದ್ದಿಯೆಲ್ಲ ಹೊರಗೆ ಬರಲು ಶುರು.

ತಮ್ಮನಿಗೆ ಪೇಟೆಬೀದಿಯಲ್ಲಿ ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ. ಮದುವೆಯ ಫೋಟೋ, ತೀರಿಹೋದ ಹಿರಿಯರ ಫೋಟೋ, ಬಹುಮಾನ ಗೆದ್ದ ಹೋರಿಯ ಫೋಟೋ, ಇಂಥವಕ್ಕೆ ನಾಲ್ಕು ಪಟ್ಟಿ ಮರ, ಮೇಲೊಂದು ಗಾಜು. ಅವನಿಗೆ ಈ ಹುಚ್ಚು ಹತ್ತಿದ್ದೇ ಗಾಜಿನಿಂದ. ನಗರದಿಂದ ಬರುವ ಗಾಜಿನ ಹಾಳೆಗಳು ಒಂದಕ್ಕೊಂದು ತಾಗಿ ಒಡೆಯದಿರಲೆಂದು ನಡುನಡುವೆ ಹಳೆಯ ಕಲಾಪತ್ರಿಕೆಗಳನ್ನು ತುರುಕಿ ಕಳಿಸುತ್ತಿದ್ದರು. ಅವನ್ನು ಬಿಸಾಡಲು ಮನಸ್ಸಾಗದೆ, ಅಂಗೈಯಿಂದ ಸವರಿ ಸುಕ್ಕು ಬಿಡಿಸಿ, ಊಟದ ಹೊತ್ತಿನಲ್ಲಿ ಓದುತ್ತ ಓದುತ್ತ ಅವನು ಕೆಟ್ಟ. ಆಮೇಲೆ ಫೋನು ಕೈಗೆ ಬಂತು, ಇನ್ನೇನು ಕೇಳುವುದು. ಯಾವ ದೇಶದ ಯಾವ ಮ್ಯೂಸಿಯಮ್ಮಿನ ಮಾಡು ಸೋರುತ್ತಿದೆ, ಯಾವ ಹೆಸರಾಂತ ಚಿತ್ರ ನಕಲಿಯೆಂದು ಗೊತ್ತಾಯಿತು, ಯಾವ ನಿರ್ದೇಶಕಿ ರಾಜೀನಾಮೆ ಕೊಟ್ಟಳು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ಪೇಟೆಯವರು ಅವನಿಗೆ 'ಮ್ಯೂಸಿಯಂ' ಎಂದೇ ಹೆಸರಿಟ್ಟಿದ್ದರು. ಅಂಗಡಿಯ ಬಾಗಿಲು ಮುಚ್ಚಿದ್ದರೆ ಎದುರಿನ ಕ್ಷೌರಿಕ, "ಇವತ್ತು ಮ್ಯೂಸಿಯಂಗೆ ರಜಾ ಕಣ್ರೀ" ಎಂದು ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದ. ಮನೆಯಲ್ಲಿ ಹೆಂಡತಿ, ಆ ಸುದ್ದಿಗಳನ್ನೆಲ್ಲ ಹೊಸ್ತಿಲಾಚೆ ಬಿಟ್ಟು ಒಳಗೆ ಬರಬೇಕೆಂದು ಕಟ್ಟುನಿಟ್ಟು ಮಾಡಿದ್ದಳು. ಹೀಗಾಗಿ ಅವು ದಿನಾ ಸಂಜೆ ಹೊಲದ ದಾರಿ ಹಿಡಿದು ಅಕ್ಕನ ಅಡುಗೆಮನೆಗೆ ಬರುತ್ತಿದ್ದವು.

ಅಕ್ಕ ಬಟಾಣಿ ಬಿಡಿಸುತ್ತಲೋ ಹಿಟ್ಟು ನಾದುತ್ತಲೋ ಕೇಳುತ್ತಿದ್ದಳು. ಸುಮ್ಮನೆ ಕೇಳುವ ಪೈಕಿಯಲ್ಲ. ಅವಳಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯ ಇರುತ್ತಿತ್ತು. ಯಾರೋ ಕಲಾವಿದ ದೊಡ್ಡ ಗ್ಯಾಲರಿಯ ನಡುವೆ ಒಂದು ಗಾಡಿ ಕೆಂಪು ಮಣ್ಣು ಸುರಿದು ಹೋಗಿದ್ದಾನೆ, ಅದು ಕಲೆಯೋ ಅಲ್ಲವೋ ಎಂದು ಜಗಳ ಎದ್ದಿದೆ ಅಂತ ತಮ್ಮ ಹೇಳಿದಾಗ, ಮಣ್ಣಿಗೆ ಗೊಬ್ಬರ ಬೆರೆಸಿದ್ದಾನೋ ಎಂದು ಕೇಳಿದ್ದಳು. ಇಲ್ಲ ಎಂದ. ಹಾಗಾದರೆ ಅಲ್ಲೇನೂ ಬೆಳೆಯುವುದಿಲ್ಲ ಬಿಡು ಎಂದು ಆ ಚರ್ಚೆಯನ್ನು ಮುಗಿಸಿದ್ದಳು. ಇನ್ನೊಮ್ಮೆ ಯಾವುದೋ ಹಳೆಯ ಚಿತ್ರವನ್ನು ತೊಳೆಯುವಾಗ ಮೂಲೆಯಲ್ಲಿ ಒಂದು ನಾಯಿ ಕಾಣಿಸಿಕೊಂಡಿತಂತೆ. ನಡುವೆ ಯಾರೋ ಮಾಲೀಕರು ಅದರ ಮೇಲೆ ಬಣ್ಣ ಬಳಿಸಿ ಮುಚ್ಚಿಹಾಕಿದ್ದರಂತೆ. ಈಗ ನಾಯಿಯನ್ನು ಉಳಿಸಬೇಕೋ, ಮತ್ತೆ ಮುಚ್ಚಬೇಕೋ ಎಂದು ಪಂಡಿತರಲ್ಲಿ ಎರಡು ಪಕ್ಷ. ಅಕ್ಕ ನಾಯಿಯ ಪಕ್ಷ ಹಿಡಿದು ವಾದಿಸುತ್ತಿದ್ದಳು. ಆಗ ಒಲೆಯ ಬಳಿ ಕೂತು ಹಗ್ಗ ಹೊಸೆಯುತ್ತಿದ್ದ ಅವಳ ಗಂಡ, ವಾರಕ್ಕೊಂದು ಮಾತು ಆಡುವ ಮನುಷ್ಯ, ತಲೆ ಎತ್ತದೆ, "ಮಾಲೀಕರಿಗೆ ಕಚ್ಚಿರಬೇಕು" ಎಂದುಬಿಟ್ಟ. ಅದನ್ನು ನೆನೆದು ಅಕ್ಕ ತಮ್ಮ ಇಬ್ಬರೂ ಎಷ್ಟೋ ದಿನ ನಕ್ಕಿದ್ದರು.

ಹೀಗೆ ನಗುನಗುತ್ತ ನಡೆದಿದ್ದ ಸಂಜೆಗಳು ಬಿರುಕು ಬಿಟ್ಟದ್ದು ದೋಣಿಯ ಮೂತಿಯಿಂದ.

ದೂರದ ಒಂದು ದೊಡ್ಡ ಮ್ಯೂಸಿಯಮ್ಮಿನಲ್ಲಿ ಮರದ ದೋಣಿಯೊಂದರ ಮೂತಿ, ನೀರು ಸೀಳುವ ಮುಂತುದಿ, ಇತ್ತಂತೆ. ಹಕ್ಕಿಯ ಕೊರಳಿನ ಹಾಗೆ ಬಾಗಿದ, ಮೈತುಂಬ ಕೆತ್ತನೆಯ, ಆಳೆತ್ತರಕ್ಕೂ ಮಿಗಿಲಾದ ಮೂತಿ. ಯಾವುದೋ ಹೊಳೆದಂಡೆಯ ಜನರದು. ಅವರ ಮುತ್ತಜ್ಜಂದಿರ ಕಾಲದಲ್ಲಿ ದೊರೆಗಳು ಯಾರೋ ಕಿತ್ತುಕೊಂಡು ಹೋಗಿದ್ದು. ಈಗ ಆ ಜನ, ನಮ್ಮದು ನಮಗೆ ಕೊಡಿ ಅನ್ನುತ್ತಿದ್ದಾರೆ. ಮ್ಯೂಸಿಯಮ್ಮಿನವರು ಕೊಡುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಪತ್ರಿಕೆಗಳಲ್ಲಿ ದಿನಾ ಅದೇ ಗಲಾಟೆ. ತಮ್ಮನಂತೂ ಹೊಳೆದಂಡೆಯವರ ಮನೆಯ ಅಳಿಯನೇ ಆಗಿಬಿಟ್ಟಿದ್ದ. ಮೊದಮೊದಲು ಅಕ್ಕನಿಗೂ ಅವರ ಮೇಲೆಯೇ ಕನಿಕರ. ಆದರೆ ಒಂದು ಸಂಜೆ ತಮ್ಮ ಹೇಳಿದ: ಆ ಮೂತಿಯನ್ನು ಒಳಗಿಟ್ಟ ಮೇಲೆ ಅದರ ಸುತ್ತ ಹೊಸ ಗೋಡೆ ಕಟ್ಟಿಸಿದ್ದಾರೆ, ಇರುವ ಬಾಗಿಲುಗಳಲ್ಲಿ ಅದು ಹಿಡಿಯುವುದಿಲ್ಲ, ಕೊಡಬೇಕೆಂದರೆ ಗೋಡೆ ಒಡೆಯಬೇಕು, ಅದನ್ನೇ ಒಂದು ನೆವ ಮಾಡಿಕೊಂಡು ಕೂತಿದ್ದಾರೆ. ಹೇಳುತ್ತ ಹೇಳುತ್ತ ಅವನ ಕೈ ಬೆಂಚಿನ ಅಂಚನ್ನು ಸವರುತ್ತಿತ್ತು.

"ಗೋಡೆ ಏನು ದೊಡ್ಡದಾ ಅಕ್ಕ? ಒಡೆದ್ರೆ ಮತ್ತೆ ಕಟ್ಟಬಹುದು."

ಅಕ್ಕನ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಅಲ್ಲೇ ನಿಂತಿತು.

ಏಕೆಂದರೆ ಈ ಬೆಂಚು ಆ ಅಡುಗೆಮನೆಗೆ ಬಂದದ್ದು ಗೋಡೆಗಿಂತ ಮೊದಲು. ಅಪ್ಪ ಬಡಗಿ. ಊರಿನ ಅರ್ಧ ಬಾಗಿಲುಗಳು, ಅರ್ಧ ಗಾಡಿಗಳು ಈ ಬೆಂಚಿನ ಮೇಲೆ ಮಲಗಿ ಎದ್ದು ಹೋದಂಥವು. ಒಂದೇ ದಿಮ್ಮಿಯಿಂದ ಕೊಯ್ದ ಗೇಣುದಪ್ಪದ ಹಲಗೆ, ಆನೆಯ ಕಾಲಿನಂಥ ಕಾಲುಗಳು. ಅಪ್ಪ ತೀರಿಕೊಂಡಾಗ ಅಕ್ಕನಿಗೆ ಮದುವೆಯಾಗಿ ಈ ಮನೆ ಸೇರಿ ಆಗಿತ್ತು; ಮೀಸೆ ಚಿಗುರುತ್ತಿದ್ದ ತಮ್ಮ ನಗರದಲ್ಲಿ ಗಾಜು ಕೊಯ್ಯುವುದನ್ನು ಕಲಿಯುತ್ತಿದ್ದ. ಚಿಕ್ಕಪ್ಪ ಬೆಂಚನ್ನು ಸೀಳಿಸಿ ದನದ ಕೊಟ್ಟಿಗೆಗೆ ಹಲಗೆ ಹಾಕಿಸುತ್ತಾನಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ, ಅವಳು ಗಂಡನನ್ನು ಎಬ್ಬಿಸಿಕೊಂಡು ಹೋಗಿ ಗಾಡಿಗೆ ಹೇರಿಸಿ ತಂದುಬಿಟ್ಟಿದ್ದಳು. ಚಿಕ್ಕಪ್ಪ ಸೀಳಿಸುತ್ತಿದ್ದನೋ ಇಲ್ಲವೋ ದೇವರೇ ಬಲ್ಲ. ಅವಳಿಗೆ ಅದು ಬೇಕಾಗಿತ್ತು. ತಮ್ಮನನ್ನು ಒಂದು ಮಾತು ಕೇಳಲಿಲ್ಲ. ಅದು ಅವನ ಪಾಲಿನದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬಡಗಿಯ ಬೆಂಚು ಮಗನಿಗಲ್ಲದೆ ಇನ್ನಾರಿಗೆ.

ಆಮೇಲೆ ಮನೆ ಚಿಕ್ಕದಾಯಿತೆಂದು ಅಡುಗೆಮನೆಯನ್ನು ಹಿಗ್ಗಿಸಿದಾಗ, ಬೆಂಚನ್ನು ಇದ್ದಲ್ಲೇ ಇಟ್ಟು ಸುತ್ತ ಗೋಡೆ ಎಬ್ಬಿಸಿದರು. ಬಾಗಿಲು ಎಷ್ಟು ಅಗಲ ಇರಬೇಕೆಂದು ಮೇಸ್ತ್ರಿ ಕೇಳಿದಾಗ, ಚಳಿಗಾಳಿ ನುಗ್ಗುತ್ತದೆ, ಕಿರಿದಾಗಿಯೇ ಇರಲಿ ಎಂದು ಹೇಳಿದವಳೂ ಅವಳೇ. ಆ ಬೆಂಚಿನ ಮೇಲೆ ಅವಳ ಹೆಣ್ಣುಮಕ್ಕಳು ಅಕ್ಷರ ತಿದ್ದಿದರು, ಬೆಣ್ಣೆ ತೆಗೆದದ್ದಾಯಿತು, ಹುಷಾರಿಲ್ಲದ ಕರುವನ್ನೊಮ್ಮೆ ಮಲಗಿಸಿ ಔಷಧಿ ಕುಡಿಸಿದ್ದೂ ಆಯಿತು. ಮಕ್ಕಳು ಮದುವೆಯಾಗಿ ಹೋದರು, ಬಂದಾಗಲೆಲ್ಲ ಮೊದಲು ಕೂರುವುದು ಅಲ್ಲೇ.

ಇಷ್ಟು ವರ್ಷ ತಮ್ಮ ಅದರ ಮಾತು ಎತ್ತಿರಲಿಲ್ಲ. ನೇರವಾಗಿ ಎತ್ತಿರಲಿಲ್ಲ ಎನ್ನಬೇಕು. ಅವನು ಹುಟ್ಟಿದಾಗಿನಿಂದ ಯಾವುದನ್ನೂ ನೇರವಾಗಿ ಕೇಳಿದವನಲ್ಲ. ಚಿಕ್ಕವನಿದ್ದಾಗ ಹಸಿವಾದರೆ ಪಕ್ಕದ ಮನೆಯಿಂದ ಎಂಥ ಘಮ ಬರುತ್ತಿದೆ ಎಂದು ಹೇಳಿ ಸುಮ್ಮನಾಗುತ್ತಿದ್ದ. ಈಗ ಹೆಂಡತಿಯಾಗಿರುವವಳ ಮೇಲೆ ಮನಸ್ಸಾದಾಗ, ಒಂದು ಬೇಸಗೆಯಿಡೀ ಅಕ್ಕನ ಹತ್ತಿರ ಆ ಹುಡುಗಿಯ ಅಪ್ಪನ ಹಸುವಿನ ಗುಣಗಾನ ಮಾಡಿದ್ದ. ಹಸು ಕೊಳ್ಳಲು ಹೊರಟ ಅಕ್ಕನಿಗೆ ಅಲ್ಲಿ ಹೋದ ಮೇಲೆ ಸಂಗತಿ ಹೊಳೆದು, ಮದುವೆ ಮಾತಾಡಿಕೊಂಡು ಬಂದಿದ್ದಳು. ಅವನ ಮಾತಿನ ಸುತ್ತುಬಳಸು ದಾರಿಗಳೆಲ್ಲ ಅವಳಿಗೆ ಕೊಟ್ಟಿಗೆಯ ಹಗ್ಗಗಳಷ್ಟು ಪರಿಚಯ. ಅಪ್ಪ ಹೋದ ವರ್ಷ ನಗರದಿಂದ ಬಂದು, ಅಪ್ಪ ಕೆಲಸ ಮಾಡುತ್ತಿದ್ದ ಖಾಲಿ ಕೊಟ್ಟಿಗೆಯಲ್ಲಿ ನಿಂತು, "ಕೊಟ್ಟಿಗೆ ಎಷ್ಟು ದೊಡ್ಡದಾಗಿ ಕಾಣ್ತಿದೆ ಅಕ್ಕ" ಎಂದಷ್ಟೇ ಅಂದಿದ್ದ. ಅವಳು, ಹೂಂ, ಗುಡಿಸಿದ್ದಾರೆ ಎಂದಿದ್ದಳು. ಆ ಉತ್ತರ ಅವಳ ಹೊಟ್ಟೆಯಲ್ಲಿ ಅರಗದೆ ಹಾಗೆಯೇ ಉಳಿದಿತ್ತು.

ಅಂತೂ ಈಗ ಕೇಳುತ್ತಿದ್ದಾನೆ, ದೂರದ ಹೊಳೆಯ ಮೇಲಿಂದ ಬಳಸಿಕೊಂಡು ಬಂದು ಕೇಳುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿದಳು.

ಅಲ್ಲಿಂದ ಅವಳು ಪಕ್ಷ ಬದಲಿಸಿದಳು. ಅಷ್ಟು ವರ್ಷ ಯಾರು ಅದನ್ನು ಜೋಪಾನ ಮಾಡಿದರು, ಅದನ್ನು ಕೇಳು, ಎಂದಳು. ಹೊಳೆದಂಡೆಯಲ್ಲೇ ಇದ್ದಿದ್ದರೆ ಗೆದ್ದಲು ತಿಂದು ಯಾವತ್ತೋ ಮಣ್ಣಾಗುತ್ತಿತ್ತು. ತಮ್ಮ ಕಣ್ಣರಳಿಸಿ, ಮ್ಯೂಸಿಯಮ್ಮಿನ ನಿರ್ದೇಶಕಿ ನಿನ್ನೆ ಸಂದರ್ಶನದಲ್ಲಿ ಹೇಳಿದ್ದೂ ಅಕ್ಷರಶಃ ಇದೇ ಎಂದ. ಅಕ್ಕನಿಗೆ ಅದು ಚುಚ್ಚಿದ ಹಾಗಾಯಿತು. ಮಾರನೆಯ ದಿನ, ಅಲ್ಲಿ ಅದು ಬರೀ ಒಂದು ಮೂತಿ, ಇಲ್ಲಿ ಎಷ್ಟು ಜನ ನೋಡುತ್ತಾರೆ, ಎಷ್ಟು ಮಕ್ಕಳು ಅದನ್ನು ನೋಡಿ ಬೆಳೆದಿದ್ದಾರೆ, ಅವರಿಗೆ ಹಕ್ಕಿಲ್ಲವೇ ಎಂದಳು. ತಮ್ಮ ತೊಡೆ ತಟ್ಟಿಕೊಂಡು, ಅಕ್ಕ, ನೀನು ಓದಿದ್ದರೆ ಇಷ್ಟು ಹೊತ್ತಿಗೆ ಎಲ್ಲಿರುತ್ತಿದ್ದೆ ಎಂದು ಹಿಗ್ಗಿದ. ಅವನಿಗೆ ಸಮಜಾಯಿಷಿಗಳ ಸುಗ್ಗಿ. ಹೊಳೆದಂಡೆಯವರು ಅದನ್ನು ನೋಡುವುದಕ್ಕಲ್ಲ ಕೇಳುತ್ತಿರುವುದು, ದೋಣಿಗೆ ಕಟ್ಟುವುದಕ್ಕೆ. ಕೆಲಸ ಮಾಡುವ ವಸ್ತುವನ್ನು ಕೆಲಸದಿಂದ ಬಿಡಿಸಿ ಕೂರಿಸಿದರೆ ಅದು ಒಂದು ಥರದ ಸೆರೆಮನೆ. ಹಾಗೆಂದು ಅವನು ಬೆಂಚಿನ ಮೇಲೆ ಮೆಲ್ಲಗೆ ಗುದ್ದಿದ. ಬಟಾಣಿಗಳು ಕುಣಿದವು.

ಕೆಲಸ ಮಾಡುವ ವಸ್ತು. ಅಕ್ಕ ಅವತ್ತು ಬೇಗ ಒಲೆ ಆರಿಸಿದಳು.

ಗಂಡನ ಬಳಿ ಒಂದು ಬೆಳಿಗ್ಗೆ, ಹಾಲು ಕರೆಯುತ್ತ, ಹೇಳಿಕೊಂಡಳು. ಗಂಡ ಆಚೆ ಹಸುವಿನ ಹೊಟ್ಟೆಗೆ ಹಣೆ ಊರಿ ಕೂತಿದ್ದವನು, "ಅವನು ಸುದ್ದಿ ಹೇಳ್ತಾನೆ ಕಣೆ, ಅಷ್ಟೇ" ಎಂದ.

"ನಿಮಗೆ ನಮ್ಮ ಮನೆಯೋರ ಮಾತು ಅರ್ಥ ಆಗಲ್ಲ."

ಗಂಡ ಆಕ್ಷೇಪಿಸಲಿಲ್ಲ. ಮದುವೆಯಾದಾಗಿನಿಂದ ಅದನ್ನು ಒಪ್ಪಿಕೊಂಡೇ ಬಂದಿದ್ದ.

ಅವಳು ಬೆಂಚಿಗೆ ಎಣ್ಣೆ ಹಚ್ಚಿದಳು. ಕಾಲುಗಳ ಸಂದಿಯಲ್ಲಿ ಕೂತಿದ್ದ ಹಿಟ್ಟನ್ನು ಚಾಕುವಿನ ಮೊನೆಯಿಂದ ಕೆದಕಿ ತೆಗೆದಳು. ಮೇಲೆ ಮಕ್ಕಳು ಕೈವಾರದಿಂದ ಕೊರೆದ ಅಕ್ಷರಗಳು, ಬಿಸಿ ಪಾತ್ರೆಯ ಕಪ್ಪು ಬಳೆ, ಅಪ್ಪನ ಗರಗಸ ಒಂದೊಂದು ಸಲ ಆಳಕ್ಕೆ ಇಳಿದು ಬಿಟ್ಟ ಗೆರೆಗಳು. ಯಾವುದು ಯಾರದೆಂದು ಅವಳಿಗೆ ಕಣ್ಣುಮುಚ್ಚಿಯೂ ಗೊತ್ತಿತ್ತು. ಬೆಂಚು ಹೋದರೆ ಹೋಗಲಿ, ಮರ ತಾನೇ ಎಂದುಕೊಳ್ಳುತ್ತಿದ್ದಳು. ಮರುಕ್ಷಣ ಕಿಟಕಿ ಕಡೆಯ ತುದಿ ಕಣ್ಣಿಗೆ ಬೀಳುತ್ತಿತ್ತು. ಬೆಂಚು ಅವನಿಗೆ ಸಿಕ್ಕಿದ ಮೇಲೆ ಅವನು ಇಲ್ಲಿಗೆ ಬಂದು ಕೂರುವುದಾದರೂ ಎಲ್ಲಿ, ಯಾಕೆ? ಕೊಡದಿದ್ದರೆ ಅವನ ಮನಸ್ಸು ಒಳಗೊಳಗೇ ಮುರಿಯುತ್ತದೆ. ಕೊಟ್ಟರೆ ಸಂಜೆಗಳು ಹೋಗುತ್ತವೆ. ಎರಡರಲ್ಲಿ ಯಾವುದನ್ನು ಹಿಡಿದರೂ ಕೈ ಸುಡುವುದೇ.

ಕೊನೆಗೆ ತೀರ್ಪು ಆ ದೊಡ್ಡ ಮ್ಯೂಸಿಯಮ್ಮಿನಿಂದಲೇ ಬಂತು. ತಮ್ಮ ಒಂದು ಸಂಜೆ ಚಹಾಕ್ಕೂ ಕಾಯದೆ ಫೋನನ್ನು ಅವಳ ಮುಖದ ಮುಂದೆ ಹಿಡಿದ. ಗೋಡೆ ಒಡೆಯುತ್ತಿದ್ದರು. ಬಿಳಿ ಬಟ್ಟೆ ಸುತ್ತಿದ ಉದ್ದನೆಯ ಮೂತಿ, ಹೆರಿಗೆಮನೆಯಿಂದ ಬರುವ ಕೂಸಿನ ಹಾಗೆ, ಆ ಸಂದಿನಿಂದ ಮೆಲ್ಲಗೆ ಹೊರಗೆ ಬಂತು. ಆಮೇಲೆ ಕಂದುನೀರಿನ ಹೊಳೆ, ದಂಡೆಯ ತುಂಬ ಜನ, ಒಬ್ಬಳು ಮುದುಕಿ. ಜನ್ಮದಲ್ಲಿ ಆ ಮೂತಿಯನ್ನು ನೋಡಿರದ ಮುದುಕಿ ಮುಂದೆ ಬಂದು, ಬಟ್ಟೆ ಸರಿಸಿ, ಮರಕ್ಕೆ ಕೆನ್ನೆ ಆನಿಸಿ ನಿಂತಳು. ತಮ್ಮ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಇನ್ನೇನು ಬೇಕು ಅಕ್ಕ ಎಂದ. ಅವಳು ಅವತ್ತು ವಾದ ಹೂಡಲಿಲ್ಲ. ದಣಿದಿರಬೇಕೆಂದು ಅವನು ಲೋಟ ತಾನೇ ತೊಳೆದಿಟ್ಟು ಹೋದ.

ಅವನು ಗಾಜು ತರಲು ನಗರಕ್ಕೆ ಹೋದ ದಿನ ನೋಡಿಕೊಂಡು ಅಕ್ಕ ಮೇಸ್ತ್ರಿಯನ್ನು ಕರೆಸಿದಳು. ಆ ಗೋಡೆ ಕಟ್ಟಿದ ಮೇಸ್ತ್ರಿಯೇ. ಈಗ ಅವನಿಗೂ ತಲೆ ನರೆತಿತ್ತು. ಗೋಡೆಯನ್ನು ಬೆರಳಿನಿಂದ ತಟ್ಟುತ್ತ, ಕಟ್ಟುವಾಗಲೇ ಹೇಳಿದ್ದೆನಲ್ಲ, ಈ ಮೇಜು ಇನ್ನು ಹೊರಗೆ ಬರುವುದಿಲ್ಲ ಎಂದು, ಅಂದ.

"ಬರಬಾರದು ಅಂತಲೇ ಕಟ್ಟಿಸಿದ್ದು" ಎಂದಳು ಅಕ್ಕ. ಇಷ್ಟು ವರ್ಷದಲ್ಲಿ ಈ ಮಾತು ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಹೊರಬಿದ್ದ ಮೇಲೆ ಅದು ಅವಳು ಹೆದರಿದಷ್ಟು ದೊಡ್ಡದಾಗಿ ಕಾಣಲಿಲ್ಲ. ಮೇಸ್ತ್ರಿ ತಲೆದೂಗಿ ಹಾರೆ ಎತ್ತಿಕೊಂಡ.

ಕಿಟಕಿಯ ಪಕ್ಕದಿಂದ ಶುರುಮಾಡಿ, ಮೂಲೆಯ ತನಕ ಗೋಡೆ ಬಿತ್ತು. ಧೂಳು ಇಳಿದಾಗ ಹಿತ್ತಿಲಿನ ಹಸು ಕುತೂಹಲದಿಂದ ಬಂದು ಕತ್ತು ಒಳಗೆ ಹಾಕಿ, ಒಲೆ, ಡಬ್ಬಿಗಳು, ಮನೆಯೊಡತಿ ಎಲ್ಲವನ್ನೂ ಒಂದು ಸಾರಿ ನೋಡಿ ಹೋಯಿತು. ಗಂಡ, ಮೇಸ್ತ್ರಿ, ಹಾಲಿನ ವ್ಯಾನಿನವ ಸೇರಿ ಬೆಂಚನ್ನು ಎತ್ತಿ ಬೆಳಕಿಗೆ ತಂದರು. ಹಗಲಲ್ಲಿ ಅದು ಅವಳಿಗೆ ಗುರುತೇ ಸಿಗದ ಹಾಗಿತ್ತು. ಅಪ್ಪನ ಕಡೆಯ ಗೆರೆಗಳು ಒಂದು ಬದಿಗೆ, ಅವಳ ಚಾಕುವಿನ ಗೀರುಗಳು ಇನ್ನೊಂದು ಬದಿಗೆ, ನಡುವೆ ಮಕ್ಕಳು. ವ್ಯಾನಿನಲ್ಲಿ ಅದರ ಪಕ್ಕದಲ್ಲೇ, ಹಲಗೆಯ ಮೇಲೆ ಒಂದು ಕೈಯಿಟ್ಟು ಕೂತು ಪೇಟೆಗೆ ಹೋದಳು.

ಅಂಗಡಿಯೊಳಗೆ ಅದು ಹಿಡಿಯಲಿಲ್ಲ. ಅಂಗಡಿಯೆಂದರೆ ಒಂದು ಉದ್ದನೆಯ ಓಣಿ; ತಮ್ಮ ಪಟ್ಟಿ ಕೊಯ್ಯುವುದೂ ಮೊಣಕಾಲ ಮೇಲಿಟ್ಟುಕೊಂಡೇ. ಬೆಂಚನ್ನು ಬೀದಿಯ ಬದಿಗೆ, ಅಂಗಡಿಯ ನೆರಳಿನಲ್ಲಿ ಇಳಿಸಿದರು. ತಮ್ಮನ ಹೆಂಡತಿ ಹೊರಗೆ ಬಂದು, ಇದೇನು ಅತ್ತಿಗೆ ಎಂದು ಕೇಳಿ, ಕುರ್ಚಿ ತಂದುಹಾಕಿದಳು. ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದು ನಿಂತ.

ಬಸ್ಸಿಳಿದು, ಗಾಜಿನ ಕಟ್ಟನ್ನು ಎದೆಗವಚಿಕೊಂಡು ಬರುತ್ತಿದ್ದ ತಮ್ಮ ದೂರದಿಂದಲೇ ಬೆಂಚನ್ನು ಕಂಡ. ನಡಿಗೆ ನಿಧಾನವಾಯಿತು. ಗಾಜನ್ನು ಗೋಡೆಗೆ ಒರಗಿಸಿ, ಬೆಂಚಿನ ಸುತ್ತ ಒಂದು ಸುತ್ತು ಬಂದು, ಅಕ್ಕನನ್ನು ನೋಡಿದ.

"ಯಾರಿಗೆ ಏನಾಯ್ತಕ್ಕ?"

"ಯಾರಿಗೂ ಏನೂ ಆಗಿಲ್ಲ. ನಿಂದು, ತಗೋ."

"ನಾನ್ಯಾವಾಗ ಕೇಳಿದೆ?"

"ದಿನಾ ಕೇಳ್ತಿದ್ದೀಯಲ್ಲೋ. ಗೋಡೆ ಏನು ದೊಡ್ಡದಾ ಅಂದೆ. ಕೆಲಸದ ವಸ್ತು ಅಂದೆ. ಸೆರೆಮನೆ ಅಂದೆ. ಮುದುಕಿ ಮರಕ್ಕೆ ಕೆನ್ನೆ ಇಡೋದನ್ನ ತಂದು ತೋರಿಸ್ದೆ. ಇನ್ನೂ ಏನು ಉಳಿದಿತ್ತು?"

ತಮ್ಮನ ತಲೆಗೆ ಅದು ಇಳಿಯಲು ಹೊತ್ತು ಹಿಡಿಯಿತು. ಇಳಿದಾಗ ಅವನು ನಗುತ್ತಾನೆಂದು ಎಲ್ಲರೂ ಕಾದರು. ಕ್ಷೌರಿಕನಂತೂ ತಾನೂ ನಗಲು ಸಿದ್ಧನಾಗಿದ್ದ. ತಮ್ಮ ನಗಲಿಲ್ಲ. ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅಕ್ಕ, ಅದು ದೋಣಿ ಸುದ್ದಿ. ದೋಣಿ ಸುದ್ದಿ ಅಷ್ಟೇ."

"ಹಸುವಿನ ಸುದ್ದಿಯೂ ಹಸುವಿನ ಸುದ್ದಿ ಅಷ್ಟೇ ಆಗಿತ್ತಾ?" ಎಂದಳು ಅಕ್ಕ. ಬಾಗಿಲಲ್ಲಿದ್ದ ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಮ್ಮ ಮೆಲುದನಿಯಲ್ಲಿ ಹೇಳಿದ.

"ಒಂದು ಸಲ ಕೇಳಿದ್ದೆ. ಕೊಟ್ಟಿಗೇಲಿ ನಿಂತು. ಆಗ ನಿನಗೆ ಕೇಳಿಸ್ಲಿಲ್ಲ."

"ಕೇಳಿಸಿತ್ತು ಕಣೋ" ಎಂದಳು ಅಕ್ಕ.

ಬೀದಿ ತನ್ನ ಪಾಡಿಗೆ ನಡೆದಿತ್ತು. ತಮ್ಮ ಎದ್ದು ಒಳಗೆ ಹೋಗಿ ಒಂದು ಉದ್ದನೆಯ ಮರದ ಪಟ್ಟಿಯನ್ನೂ, ಮರ ಹೆರೆದು ನಯಮಾಡುವ ಅಪ್ಪನ ಹತ್ತರಿಯನ್ನೂ ತಂದ. ಪಟ್ಟಿಯನ್ನು ವೈಸಿಗೆ ಸಿಕ್ಕಿಸಿ, ಹಿಡಿ ತಿರುಗಿಸಿದ. ಎಷ್ಟೋ ವರ್ಷ ಕೈಚೀಲ ಹೊತ್ತಿದ್ದ ಹಿಡಿ ಮೊದಲು ಮುನಿಸಿಕೊಂಡು, ಆಮೇಲೆ ಕಿರ್ರೆಂದು ಬಿಗಿಯಿತು. ಹತ್ತರಿ ಮುಂದೆ ಹೋಯಿತು, ಹಿಂದೆ ಬಂತು. ತೆಳ್ಳಗಿನ ಸಿಬಿರು ಸುರುಳಿಸುತ್ತಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಅಕ್ಕ ಕಣ್ಣು ಮುಚ್ಚಿದಳು. ಚಿಕ್ಕವಳಿದ್ದಾಗ ಇದೇ ಸದ್ದಿಗೆ ಅವಳ ಬೆಳಗಾಗುತ್ತಿತ್ತು. ಈ ಹಲಗೆಗೆ ತನ್ನ ಮನೆಯಲ್ಲಿ ಎಣ್ಣೆ ಹಚ್ಚಿದ್ದಾಯಿತು, ಒರೆಸಿದ್ದಾಯಿತು, ಎಲ್ಲ ಆಯಿತು, ಈ ಸದ್ದೊಂದನ್ನು ಮಾತ್ರ ಕೊಡಲಾಗಿರಲಿಲ್ಲ. ತಮ್ಮ ಎರಡನೆಯ ಪಟ್ಟಿ ಹಿಡಿದಾಗ ಅವಳು ಎದ್ದು, ಹಾಲಿನ ಹೊತ್ತಾಯಿತೆಂದು ಹೇಳಿ ನಡೆದೇ ಹೊರಟಳು. ತಿರುಗಿ ನೋಡಲಿಲ್ಲ. ತಮ್ಮನೂ ಕರೆಯಲಿಲ್ಲ, ಅವನ ಬೆನ್ನು ಬಾಗಿಯೇ ಇತ್ತು.

ಸಂಜೆಯ ಹಾಲು ಕರೆದದ್ದಾಯಿತು. ಕ್ಯಾನುಗಳು ಹೋದವು. ಅಡುಗೆಮನೆಗೆ ಬಂದರೆ ಒಲೆಯ ಮುಂದೆ ಅಷ್ಟಗಲ ನೆಲ, ಗೋಡೆಯಿದ್ದಲ್ಲಿ ಗಂಡ ಕಟ್ಟಿದ್ದ ಗೋಣಿತಟ್ಟು ಗಾಳಿಗೆ ಉಬ್ಬಿ ತಗ್ಗುತ್ತಿತ್ತು. ಬಟಾಣಿಯನ್ನು ನೆಲದ ಮೇಲೆ ಸುರಿದುಕೊಂಡು ಕೂತಳು. ಬೆನ್ನು ನೋಯುತ್ತಿತ್ತು. ಚಹಾ ಕಾಸಿದಳು, ಅಭ್ಯಾಸಬಲದಿಂದ ಮೂರು ಲೋಟಕ್ಕೆ. ಮೂರನೆಯದರ ಮೇಲೆ ಕೆನೆ ಕಟ್ಟಿತು. ಗಂಡ ಅದನ್ನು ನೋಡಿ, ನೋಡಲಿಲ್ಲವೆಂಬಂತೆ ಹಗ್ಗ ಹೊಸೆಯುತ್ತಿದ್ದ.

ಅಡುಗೆಮನೆ ಎಷ್ಟು ದೊಡ್ಡದಾಗಿ ಕಾಣುತ್ತಿದೆ ಎಂದು ಅವಳಿಗೇ ಅನ್ನಿಸಿತು. ಅನ್ನಿಸಿದ್ದೇ, ಆ ಮಾತು ಯಾರದೆಂದು ನೆನಪಾಗಿ ಬಟಾಣಿಗಳು ಕಣ್ಣಮುಂದೆ ಮಸುಕಾದವು.

ಗೋಣಿತಟ್ಟು ಒಂದು ಕಡೆಯಿಂದ ಮೇಲೆದ್ದಿತು. ಹಸುವೆಂದುಕೊಂಡು ಅವಳು ಹೊಯ್ ಎಂದಳು. ತಮ್ಮ. ಮೈತುಂಬ ಮರದ ಹುಡಿ, ತಲೆಗೂದಲಲ್ಲಿ ಒಂದು ಸಿಬಿರಿನ ಸುರುಳಿ. ಬಾಗಿಲಿಂದ ಬರದೆ, ಒಡೆದ ಗೋಡೆಯ ಆಚೆ ನಿಂತೇ ಇದ್ದ. ಒಳಗೆ ನೋಡಿದ, ನೆಲದ ಮೇಲಿನ ಬಟಾಣಿ ನೋಡಿದ, ಕೆನೆಗಟ್ಟಿದ ಲೋಟ ನೋಡಿದ. ಏನೋ ಹೇಳಲು ಹೊರಟ. ಇನ್ನು ಯಾವ ದೇಶದ ಮೇಲಿಂದ ಬಳಸಿ ಬರುತ್ತಾನೋ ಎಂದು ಅಕ್ಕ ಕಾದಳು.

"ಅಕ್ಕ, ಬೆಂಚು ನನಗೆ ಬೇಕು" ಎಂದ ತಮ್ಮ. "ಅದರ ಮೇಲೆ ಕೆಲಸ ಮಾಡಿದ ಮೇಲೆ ಇನ್ನು ಮೊಣಕಾಲ ಮೇಲಿಟ್ಟುಕೊಂಡು ಕೊಯ್ಯಕ್ಕಾಗಲ್ಲ. ಆದ್ರೆ ಇಲ್ಲಿ ಬೇಕು. ಈ ಗೋಡೆ ಕಟ್ಟಿಸಬೇಡ. ನಾನು ಈಚೆ ಕಡೆ ಒಂದು ಮಾಡು ಇಳಿಸ್ಕೋತೀನಿ. ಬೆಂಚು ಅರ್ಧ ಒಳಗಿರಲಿ, ಅರ್ಧ ಹೊರಗಿರಲಿ. ಬೆಳಿಗ್ಗೆ ಹೊತ್ತು ನಾನಿಲ್ಲಿ ಮರದ ಕೆಲಸ ಮಾಡ್ತೀನಿ, ಅಂಗಡಿ ನನ್ನವಳು ನೋಡ್ಕೋತಾಳೆ. ಬಿಡ್ತೀಯಾ?"

ಗಂಡನ ಕೈಯಲ್ಲಿ ಹಗ್ಗ ನಿಂತಿತು. ತಮ್ಮನ ಬಾಯಿಂದ ಅಷ್ಟು ನೆಟ್ಟಗಿನ ಮಾತು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಕ್ಕ ಬಟಾಣಿಯನ್ನು ಮೊರಕ್ಕೆ ತುಂಬಿಕೊಳ್ಳುತ್ತ, "ಇನ್ನೊಂದು ಸಲ ಕೇಳು" ಎಂದಳು.

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಚೆನ್ನಾಗಿತ್ತು. ಇನ್ನೊಂದು ಸಲ ಕೇಳು."

ಅವನು ಇನ್ನೊಂದು ಸಲ ಕೇಳಿದ. ಅವಳು ಎದ್ದು ಚಹಾ ಬಿಸಿಮಾಡಲು ಇಟ್ಟಳು.

ಬೆಂಚು ಅದೇ ವ್ಯಾನಿನಲ್ಲಿ ವಾಪಸು ಬಂತು. ಮೇಸ್ತ್ರಿಗೆ ಇಂಥ ಕೆಲಸ ಎಲ್ಲೂ ಬಂದಿರಲಿಲ್ಲವಂತೆ. ಗೋಡೆಯನ್ನು ಪೂರ್ತಿ ಮುಚ್ಚುವ ಹಾಗಿಲ್ಲ, ಪೂರ್ತಿ ಬಿಡುವ ಹಾಗೂ ಇಲ್ಲ. ಬೆಂಚಿನ ಹಲಗೆಯ ಮಟ್ಟದಿಂದ ಮೇಲೆ, ಮಡಚುವ ಎರಡು ಕದ ಕೂರಿಸಿದ. ಕದಗಳನ್ನು ಮಾಡಿದ್ದು ತಮ್ಮ, ಅದೇ ಬೆಂಚಿನ ಮೇಲೆ. ಅಪ್ಪನ ಗೆರೆಗಳ ಬದಿ ಹೊರಗೆ ಮಾಡಿನಡಿ, ಅವಳ ಗೀರುಗಳ ಬದಿ ಒಳಗೆ ಒಲೆಯೆದುರು. ಬೆಳಿಗ್ಗೆ ಆ ಕಡೆ ಹತ್ತರಿ, ಈ ಕಡೆ ಹಿಟ್ಟು. ಅವನು ಜೋರಾಗಿ ಉಜ್ಜಿದರೆ ಇವಳ ಡಬ್ಬಿಗಳು ನಡುಗುತ್ತವೆ. ಇವಳು ಹಿಟ್ಟು ಎತ್ತಿ ಬಡಿದರೆ ಅವನ ಅಳತೆ ತಪ್ಪುತ್ತದೆ. ಅದರ ಮೇಲೆ ದಿನಾ ಒಂದು ಜಗಳ. ಹಸು ಇಬ್ಬರ ನಡುವೆ ಯಾವಾಗ ಬೇಕಾದರೂ ಕತ್ತು ಹಾಕಿ ನೋಡಿಕೊಂಡು ಹೋಗುತ್ತದೆ.

ಮೊನ್ನೆ ತಮ್ಮ ಪಟ್ಟಿಗೆ ಮೂಲೆ ಕೂಡಿಸುತ್ತ ಹೊಸ ಸುದ್ದಿ ತಂದ. ಆ ದೊಡ್ಡ ಮ್ಯೂಸಿಯಮ್ಮಿನವರು ಹೊಳೆದಂಡೆಯವರ ಹತ್ತಿರ ಹೋಗಿ, ದೋಣಿಯ ಮೂತಿಯನ್ನು ಒಂದು ಪ್ರದರ್ಶನಕ್ಕೆ ಎರವಲು ಕೊಡುತ್ತೀರಾ ಎಂದು ಕೇಳಿದ್ದಾರಂತೆ. ಕೊಡಬೇಕೋ ಬೇಡವೋ ಎಂದು ಮತ್ತೆ ಎಲ್ಲ ಪತ್ರಿಕೆಗಳಲ್ಲೂ ಚರ್ಚೆ. ಇಷ್ಟೆಲ್ಲ ಆದ ಮೇಲೂ ಕೇಳಲು ಮುಖ ಹೇಗೆ ಬಂತು ಇವರಿಗೆ ಎಂದು ತಮ್ಮನಿಗೆ ಸಿಟ್ಟು.

ಅಕ್ಕ ಹಿಟ್ಟಿನಿಂದ ಒಂದು ಸಿಬಿರಿನ ಸುರುಳಿಯನ್ನು ಹೆಕ್ಕಿ, ಕದದಾಚೆ ಅವನ ಕಡೆಗೆ ಎಸೆದಳು.

"ಹೋಗಿ, ಎದುರಿಗೆ ನಿಂತು, ಬಾಯಿಬಿಟ್ಟು ಕೇಳಿದ್ದಾರಾ?"

"ಹೂಂ, ನಿರ್ದೇಶಕಿಯೇ ಹೋಗಿ ಕೇಳಿದ್ದಾಳೆ."

"ಹಾಗಾದ್ರೆ ಕೊಡಲಿ ಬಿಡು" ಎಂದು ಅಕ್ಕ ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ನೀನು ಸ್ವಲ್ಪ ಮೆಲ್ಲಗೆ ಉಜ್ಜೋ."